ಐವತ್ತೆಂಟಕ್ಕೂ ಮೊದಲೇ ಬರುವ ಮುಪ್ಪು

2016ರ ಏಪ್ರಿಲ್ 18ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಮಷಿನ್ ಬಿಟ್ಟು ಬೀದಿಗಿಳಿದರು. ಮರುದಿನ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹೆಬ್ಬಗೋಡಿ, ಪೀಣ್ಯದ ಬಳಿಯ ಜಾಲಹಳ್ಳಿ ಕ್ರಾಸ್‌ಗಳಿಗೂ ಕಾವು ಹಬ್ಬಿತು. ಬಸ್ಸುಗಳು ಹೊತ್ತಿ ಉರಿದವು, ಪೊಲೀಸರು ಲಾಠಿ ಬೀಸಿದರು. ಮಾಲೀಕರು ಕಟ್ಟಿದ ಪಿ.ಎಫ್. ಪಾಲನ್ನು 58 ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರುವರಿಯಲ್ಲಿ ಹೊರಡಿಸಿದ್ದ ಆದೇಶವೇ ಇದಕ್ಕೆಲ್ಲ ಕಾರಣ. 19ರಂದೇ ಆದೇಶ ವಾಪಸಾಯಿತು.

ಮುಪ್ಪಿನ ವಿಚಾರಕ್ಕೆ ಬೆಂಗಳೂರು ಕಂಡ ದೊಡ್ಡ ಜಗಳ ಇದೇ ಇರಬೇಕು.

ದೆಹಲಿಯ ಲೆಕ್ಕದಲ್ಲಿ ದುಡಿಯುವವರ ಬದುಕು 58ಕ್ಕೆ ತಿರುಗುತ್ತದೆ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತು, ದಿನವಿಡೀ ಬೆನ್ನು ಬಗ್ಗಿಸಿ ಕೂರುವ ಟೈಲರ್‌ಗೆ ಆ ವಯಸ್ಸಿನವರೆಗೆ ಲೈನ್‌ನಲ್ಲಿ ಉಳಿಯುವ ನಂಬಿಕೆ ಇಲ್ಲ. ಸೊಂಟ ಹಿಡಿಯುತ್ತದೆ, ಬಟ್ಟೆಯ ಧೂಳಿಗೆ ಕೆಮ್ಮು ಅಂಟುತ್ತದೆ, ನಲವತ್ತರ ಆಚೀಚೆ ಬಹಳ ಜನ ಕೆಲಸ ಬಿಡುತ್ತಾರೆ. ಬಿಟ್ಟಾಗ ಕೈಗೆ ಬರುವ ಇಡಿಗಂಟು ಎಂದರೆ ಪಿ.ಎಫ್. ದುಡ್ಡೇ. ಮಗಳ ಮದುವೆ, ಸಾಲ, ಊರಲ್ಲೊಂದು ಮನೆ ಎಲ್ಲವೂ ಅದರಲ್ಲೇ ಆಗಬೇಕು. ಅದನ್ನು ‘ನಿಮ್ಮ ಒಳ್ಳೆಯದಕ್ಕೇ’ ಎಂದು ಬೀಗ ಹಾಕಿ ಇಟ್ಟರೆ ಸಿಟ್ಟು ಬಾರದೆ ಇದ್ದೀತೇ?

ಹಾಗೆಂದು, ದುಡ್ಡು ಬೇಗ ತೆಗೆದರೆ ಮುಪ್ಪಿಗೆ ಏನೂ ಉಳಿಯದು ಎಂಬ ಸರ್ಕಾರದ ಆತಂಕವೂ ಸುಳ್ಳಲ್ಲ. 1995ರ ಪಿಂಚಣಿ ಯೋಜನೆಯಲ್ಲಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಕನಿಷ್ಠ ಹತ್ತು ವರ್ಷದ ಸೇವೆ ಬೇಕು. ಹನ್ನೆರಡು ಸಾವಿರ ಸಂಬಳ, ಹತ್ತು ವರ್ಷ ದುಡಿಮೆ ಎಂದರೆ ತಿಂಗಳಿಗೆ ಸುಮಾರು 1,714 ರೂಪಾಯಿ. ಹತ್ತು ವರ್ಷ ತುಂಬುವ ಮೊದಲೇ ಬಿಟ್ಟು ದುಡ್ಡು ಪಡೆದುಕೊಂಡವರಿಗೆ ಅದೂ ಇಲ್ಲ.

ಬೇಗ ಕೆಲಸ ಬಿಡಿಸುವುದು ಸೊಂಟ, ಕೆಮ್ಮು ಮಾತ್ರವಲ್ಲ, ಕಣ್ಣೂ ಹೌದು. ನಲವತ್ತು ದಾಟುತ್ತಲೇ ಕಣ್ಣಿನ ಮಸೂರ ಮೃದುತನ ಕಳೆದುಕೊಂಡು ಹತ್ತಿರದ್ದು ಮಸುಕಾಗುತ್ತದೆ. ನಮ್ಮವರು ಚಾಳೀಸು ಎನ್ನುವುದು ಇದನ್ನೇ. ಸೂಜಿಗೆ ದಾರ ಪೋಣಿಸುವವರಿಗೆ ಇದು ಕೆಲಸವನ್ನೇ ತಿನ್ನುವ ತೊಂದರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಓದುವ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಸಿಗದವರಿಗಿಂತ ಶೇ. 20ರಷ್ಟು ಹೆಚ್ಚು ಎಲೆ ಕಿತ್ತಿದ್ದರು! ವಯಸ್ಸಾಯಿತು ಎಂದು ನಾವು ಬದಿಗೆ ಸರಿಸುವ ಎಷ್ಟೋ ಸಂಗತಿಗೆ ಅಗ್ಗದ ಮದ್ದಿದೆ.

ಅತ್ತ ವೈಟ್‌ಫೀಲ್ಡ್‌ನ ಕಥೆ ಬೇರೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದ ಊರಿಗೆ 1990ರ ದಶಕದಲ್ಲಿ ಐಟಿ ಪಾರ್ಕ್ ಬಂತು. ಈಗ ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜ ಅಜ್ಜಿಯರು ಸಂಜೆ ಬೆಂಚು ಹಿಡಿಯುತ್ತಾರೆ. ರಾಜ್ಯದಲ್ಲಿ ಅರವತ್ತು ಮೀರಿದವರ ಪಾಲು 2011ರ ಜನಗಣತಿಯಲ್ಲೇ ಶೇ. 9.5 ಇತ್ತು. ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1.7ಕ್ಕೆ ಇಳಿದಿರುವುದರಿಂದ ಅದು ಏರುತ್ತಲೇ ಹೋಗುತ್ತದೆ. ಮಕ್ಕಳು ಆಫೀಸಿಗೆ ಹೋದರೆ ಈ ಹಿರಿಯರಿಗೆ ಕೈ ಹಿಡಿದು ನಡೆಸುವವರು ಬೇಕು.

ಆ ಕೆಲಸಕ್ಕೆ ಬರುವವರಲ್ಲಿ ಗಾರ್ಮೆಂಟ್ಸ್ ಬಿಟ್ಟ ಹೆಂಗಸರೂ ಇದ್ದಾರೆ. ಕನಿಷ್ಠ ಇಪ್ಪತ್ತು ಕೆಲಸಗಾರರಿರುವ ಸಂಸ್ಥೆಗಷ್ಟೇ ಪಿ.ಎಫ್. ಕಡ್ಡಾಯ, ಮನೆಗೆಲಸಕ್ಕೆ ಇಲ್ಲ. ರಾಜ್ಯದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಸಿಗುವುದು 65ಕ್ಕೆ. ನಲವತ್ತೈದಕ್ಕೆ ಮಷಿನ್ ಬಿಟ್ಟವಳು ಅಲ್ಲಿಯವರೆಗಿನ ಇಪ್ಪತ್ತು ವರ್ಷವನ್ನು ಇನ್ನೊಬ್ಬರ ಮುಪ್ಪನ್ನು ನೋಡಿಕೊಂಡೇ ದಾಟಬೇಕು.