'ಜರ್ಜರ' ಶಬ್ದದ ಅರ್ಥ ಮತ್ತು ಪ್ರಯೋಗ

ಹಸ್ತಪ್ರತಿಗಳ ಸ್ಥಿತಿಯನ್ನು ಹೇಳುವಾಗ 'ಜೀರ್ಣ' ಮತ್ತು 'ಜರ್ಜರ' ಶಬ್ದಗಳನ್ನು ಸಮಾನಾರ್ಥಕಗಳೆಂಬಂತೆ ಬಳಸುವುದುಂಟು. ವಯೋಹಾನಿಯನ್ನು ಹೇಳುವ 'ಜೄ' ಧಾತುವೇ ಎರಡಕ್ಕೂ ಮೂಲವಾದರೂ ಅರ್ಥಚ್ಛಾಯೆ ಬೇರೆ. ಕಾಲದಿಂದ ಹಳತಾದುದು, ಸವೆದುದು ಜೀರ್ಣ. ಸಂಧಿಗಳು ಸಡಿಲಿ, ಸೀಳಿ, ಬಿಡಿಬಿಡಿಯಾಗುವ ಹಂತಕ್ಕೆ ಬಂದುದು ಜರ್ಜರ. ಶಬ್ದದಲ್ಲಿ ಕಾಣುವ ದ್ವಿರುಕ್ತಿಯೂ ಈ ಅತಿಶಯಕ್ಕೆ ಒಪ್ಪುವಂತಿದೆ. ಪ್ರಾಕೃತದಲ್ಲಿ ಇದರ ರೂಪ 'ಜಜ್ಜರ'. ಜೀರ್ಣಕ್ಕೆ 'ಜಿಣ್ಣ', 'ಜುಣ್ಣ' ಎಂಬ ರೂಪಗಳುಂಟು.

ಜರ್ಜರಕ್ಕೆ ಧ್ವನಿಪರವಾದ ಅರ್ಥವೂ ಇದೆ. ಒಡಕು ಪಾತ್ರೆಯಿಂದ ಹೊರಡುವಂತಹ ಟೊಳ್ಳು ದನಿಯೂ ಜರ್ಜರವೇ. ಹಳೆಯ ಬಾಗಿಲು ಕಿರುಗುಟ್ಟುವುದು, ಹಳೆಯ ಬಂಡಿ ಗಡಗಡಿಸುವುದು ಲೋಕಾನುಭವ. ವಸ್ತುವಿನ ಸಡಿಲತೆಯನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಇಂದ್ರನ ಧ್ವಜದಂಡಕ್ಕೆ ಜರ್ಜರವೆಂದು ಹೆಸರು. ವಿಘ್ನಕಾರಿಗಳನ್ನು ಅದು ಜರ್ಜರಗೊಳಿಸಿತೆಂಬುದೇ ಅಲ್ಲಿ ಹೇಳಿರುವ ಕಾರಣ.

ಸಂಪಾದಕರು ಇಲ್ಲಿ ಎರಡು ಎಚ್ಚರಗಳನ್ನು ವಹಿಸಬೇಕು. ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ 'ಧರ್ಮ್ಮ', 'ಕರ್ಮ್ಮ' ಎಂದು ಬರೆಯುವ ರೂಢಿಯಂತೆ 'ಜರ್ಜ್ಜರ' ಎಂದಿದ್ದರೆ ಅದು ಪಾಠಾಂತರವಲ್ಲ, ಲೇಖನಪದ್ಧತಿ ಮಾತ್ರ. 'ಝರ್ಝರ' ಎಂದಿದ್ದರೆ ಅದು ಬೇರೆಯೇ ಶಬ್ದ, ವಾದ್ಯವಿಶೇಷಕ್ಕೆ ಸಲ್ಲುವಂಥದು. ಗರಿ ಸವೆದು ಅಕ್ಷರ ಮಸುಕಾದಲ್ಲಿ ಪ್ರಕರಣವೇ ಪ್ರಮಾಣ. ವಾದ್ಯಗಳ ಗಣನೆಯಲ್ಲಿ ಝರ್ಝರವೂ, ದೇಹ, ಗೃಹ, ರಥಗಳ ವರ್ಣನೆಯಲ್ಲಿ ಜರ್ಜರವೂ ಸಾಧುವಾದ ಪಾಠ.

ಇದೇ ಧಾತುವಿನಿಂದ ಸಪ್ತತತ್ತ್ವಗಳಲ್ಲಿ ಆರನೆಯದಾದ 'ನಿರ್ಜರಾ' ಹುಟ್ಟಿದೆ. ದೇಹ ಜರ್ಜರವಾಗುವುದು ಕಾಲಧರ್ಮ. ಬದ್ಧಕರ್ಮವು ಜೀರ್ಣಿಸಿ ಉದುರುವುದು ನಿರ್ಜರೆ. ಜರೆಯಿಲ್ಲದವನು ಎಂಬರ್ಥದಲ್ಲಿ ದೇವವಾಚಿಯಾದ 'ನಿರ್ಜರ'ವನ್ನು ಇದರೊಡನೆ ಬೆರಸಬಾರದು.

ಈ ವಿವೇಚನೆ ಕೇವಲ ಶಬ್ದಕುತೂಹಲಕ್ಕಲ್ಲ. ಸೂಚಿಯಲ್ಲಿ ಬರೆದ ಒಂದು ವಿಶೇಷಣ ಪ್ರತಿಯ ಭವಿಷ್ಯವನ್ನೇ ನಿರ್ಣಯಿಸಬಲ್ಲುದು. ಹಳತಾದರೂ ಓದಬರುವ ಪ್ರತಿಯನ್ನು ಜರ್ಜರವೆಂದು ಬರೆದರೆ ಅದನ್ನು ಬಿಚ್ಚುವವರಿಲ್ಲದಂತಾಗುತ್ತದೆ. ನಿಜವಾಗಿ ಜರ್ಜರವಾದುದನ್ನು ಜೀರ್ಣವೆಂದಷ್ಟೇ ಬರೆದರೆ ಅಜಾಗರೂಕ ಕೈಯಲ್ಲಿ ಗರಿ ಮುರಿಯುತ್ತದೆ. ಆದುದರಿಂದ ಹಳತಾದುದಕ್ಕೆ ಜೀರ್ಣ, ಮುಟ್ಟಿದರೆ ಮುರಿಯುವುದಕ್ಕೆ ಜರ್ಜರ, ಗ್ರಂಥಭಾಗ ಲೋಪವಾದುದಕ್ಕೆ ತ್ರುಟಿತ, ಹುಳು ತಿಂದುದಕ್ಕೆ ಕೀಟದಷ್ಟ ಎಂದು ಪ್ರತ್ಯೇಕಿಸಿ ಬರೆಯುವುದು ಯುಕ್ತ. ಮೂಡಬಿದಿರೆಯ ಪ್ರಾಚೀನ ತಾಳೆಗರಿಗಳು ಉಳಿದುದರಿಂದಲೇ ಧವಲಾ ಟೀಕೆ 1939ರಿಂದ ಮುದ್ರಣದ ಬೆಳಕು ಕಂಡಿತು. ಜೀರ್ಣವಾದುದು ಉದ್ಧಾರಕ್ಕೆ ಯೋಗ್ಯವೇ ಹೊರತು ತ್ಯಾಗಕ್ಕಲ್ಲ.