ರೆಗ್ಯುಲೇಟರ್ ಏಕೆ ಸುಡುತ್ತೆ?

ಗೆಳೆಯರೇ, ಕರೆಂಟ್ ಹೋದಾಗ ಓದಲು 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್‌ನ ಎಲ್‌ಇಡಿ ದೀಪ ಹಚ್ಚಬೇಕಾದರೆ ನಡುವೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹಾಕುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಅದು ಮುಟ್ಟಲಾಗದಷ್ಟು ಸುಡುತ್ತೆ. ದೀಪವೂ ಆರಿಹೋಗುತ್ತೆ. ಏಕೆ?

ಲೆಕ್ಕ ಮಾಡೋಣ. 12ರಲ್ಲಿ 5 ಕಳೆದರೆ 7 ವೋಲ್ಟ್ ಉಳಿಯಿತು. ದೀಪ ಅರ್ಧ ಆಂಪಿಯರ್ ಎಳೆದರೆ 7 × 0.5 = 3.5 ವಾಟ್. ಇದೆಲ್ಲ ರೆಗ್ಯುಲೇಟರಿನಲ್ಲೇ ಬಿಸಿಯಾಗಿ ಹೋಗುತ್ತೆ. ದೀಪಕ್ಕೆ ಸಿಗುವುದು 5 × 0.5 = 2.5 ವಾಟ್ ಮಾತ್ರ!

ಬರೀ 7805ರಲ್ಲಿ 1 ವಾಟ್ ಬಿಸಿ ಹುಟ್ಟಿದರೇ ಅದರ ಒಳಗಿನ ಶಾಖ ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಏರುತ್ತದೆ. ಮಿತಿ ಮೀರಿದರೆ ಅದು ತಾನಾಗಿಯೇ ಬಂದ್ ಆಗುತ್ತೆ, ಆರಿದ ಮೇಲೆ ಮತ್ತೆ ಶುರುವಾಗುತ್ತೆ. ಆದ್ದರಿಂದ ಕೆಟ್ಟುಹೋಯ್ತು ಅಂತ ಬೇಗನೆ ಎಸೆಯಬೇಡಿ.

ಹೀಗೆ ಮಾಡಿ:

1. ಬಸಿಯಲ್ಲಿ ಹುಯ್ದ ಚಹಾ ಬೇಗ ಆರುತ್ತಲ್ಲ, ಅಗಲ ಹೆಚ್ಚಿದಷ್ಟೂ ಬಿಸಿ ಬೇಗ ಗಾಳಿಗೆ ಹೋಗುತ್ತೆ. ಅದಕ್ಕೆ ರೆಗ್ಯುಲೇಟರಿನ ಬೆನ್ನಿಗೆ ಅಂಗೈಯಗಲದ ಅಲ್ಯೂಮಿನಿಯಂ ತಗಡನ್ನು ಸ್ಕ್ರೂ ಹಾಕಿ ಬಿಗಿಯಿರಿ. ಇದೇ ಹೀಟ್ ಸಿಂಕ್. 7805ರ ಬೆನ್ನು ನೆಗೆಟಿವ್‌ಗೆ ಸೇರಿರುತ್ತೆ. ತಗಡಿಗೆ ಪಾಸಿಟಿವ್ ವೈರ್ ತಾಗಬಾರದು.

2. ಡಬ್ಬಿಯೊಳಗೆ ಇಟ್ಟರೆ ಮೇಲೆ, ಕೆಳಗೆ ತೂತು ಮಾಡಿ. ಗಾಳಿ ಆಡಬೇಕು.

3. ಅಡಾಪ್ಟರಿನಿಂದ ನಡೆಯುವ ಮಾಡೆಲ್ ಆದರೆ 12ರ ಬದಲು 9 ವೋಲ್ಟ್‌ನದು ಹಾಕಿ. ಆಗ ಬಿಸಿ 4 × 0.5 = 2 ವಾಟ್ ಅಷ್ಟೇ. 7.5 ವೋಲ್ಟ್‌ಗಿಂತ ಕಡಿಮೆಯದು ಬೇಡ, 5 ವೋಲ್ಟ್ ಸರಿಯಾಗಿ ಬರಲ್ಲ.

ಮುಟ್ಟಿ ನೋಡುವ ಮುಂಚೆ ಬ್ಯಾಟರಿ ತೆಗೆದು ಆರಲು ಬಿಡಿ, ಬೆರಳು ಸುಟ್ಟೀತು!