ಒಂಟೆಯ ಡುಬ್ಬವೂ ನಮ್ಮ ಬೊಜ್ಜೂ

ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ನಂಬಿಕೆ ಇನ್ನೂ ಪೂರ್ತಿ ಅಳಿದಿಲ್ಲ. ಅಲ್ಲಿರುವುದು ಕೊಬ್ಬು. ಕೊಬ್ಬು ಕರಗುವಾಗ ನೀರು ಹುಟ್ಟುವುದು ನಿಜವೇ; 1 ಗ್ರಾಂ ಕೊಬ್ಬಿನಿಂದ 1 ಗ್ರಾಂಗಿಂತ ತುಸು ಹೆಚ್ಚೇ ನೀರು ಸಿಗುತ್ತದೆ. ಹಾಗಿದ್ದರೆ ಡುಬ್ಬ ನೀರಿನ ತೊಟ್ಟಿಯೇ ಆಯಿತಲ್ಲ ಎಂದು ಕೇಳಬಹುದು. ಆದರೆ ಕೊಬ್ಬು ಕರಗಲು ಆಮ್ಲಜನಕ ಬೇಕು, ಅದಕ್ಕಾಗಿ ಉಸಿರಾಡಬೇಕು. ಮರುಭೂಮಿಯ ಒಣಗಾಳಿಯಲ್ಲಿ ಉಸಿರಿನ ಜೊತೆ ಹೊರಬೀಳುವ ತೇವ ಆ ಗಳಿಕೆಯನ್ನೆಲ್ಲ ನುಂಗಿಬಿಡುತ್ತದೆ. ಶರೀರಶಾಸ್ತ್ರಜ್ಞ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1953-54ರಲ್ಲಿ ಅಲ್ಜೀರಿಯಾದ ಬೆನಿ ಅಬ್ಬೆಸ್‌ನಲ್ಲಿ ಒಂಟೆಗಳನ್ನು ಅಧ್ಯಯನ ಮಾಡಿದರು. ಅವರು ಕಂಡಂತೆ, ನೀರಿಲ್ಲದೆ ತೂಕದ ಕಾಲುಭಾಗ ಕಳೆದುಕೊಂಡರೂ ಒಂಟೆ ಬದುಕುತ್ತದೆ. ಹೊಟ್ಟೆ ಒಳಸರಿದು ಪಕ್ಕೆಲುಬುಗಳು ಎದ್ದು ಕಾಣುತ್ತವೆ, ಅಷ್ಟೆ. ನೀರು ಸಿಕ್ಕಿತೋ, ಹತ್ತೇ ನಿಮಿಷದಲ್ಲಿ 100 ಲೀಟರಿನಷ್ಟು ಹೀರಿ ಮತ್ತೆ ಮೈತುಂಬಿಕೊಳ್ಳುತ್ತದೆ. ಬೇರೆ ಪ್ರಾಣಿಗಳ ರಕ್ತಕಣಗಳಾದರೆ ಇಷ್ಟು ನೀರು ಒಮ್ಮೆಲೇ ನುಗ್ಗಿದಾಗ ಒಡೆದುಹೋದಾವು. ಒಂಟೆಯ ಅಂಡಾಕಾರದ ಕೆಂಪುಕಣಗಳು ಎರಡು ಪಟ್ಟು ಉಬ್ಬಿದರೂ ತಾಳಿಕೊಳ್ಳುತ್ತವೆ.

ತೂಕ ಇಳಿಸಲು ಹೊರಟವರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ನೂರು ಕಿಲೋ ಏರಿಳಿತಕ್ಕೂ ಡುಬ್ಬಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ನೀರಿನ ತೂಕ ಬೇರೆ, ಕೊಬ್ಬಿನ ತೂಕ ಬೇರೆ. ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿ ಇಳಿಸಿದ ಕಿಲೋ, ಸಂಜೆಯೊಳಗೆ ಚೊಂಬಿನ ನೀರಿನೊಂದಿಗೆ ವಾಪಸು ಬರುತ್ತದೆ. ಬರಲೇಬೇಕು, ನಾವು ಒಂಟೆಗಳಲ್ಲ.

ಹಾಗಾದರೆ ನೀರು ಕುಡಿದು ತೂಕ ಇಳಿಯುತ್ತದೆ ಎನ್ನುವುದು ಬರೀ ಸುಳ್ಳೇ? ಅಲ್ಲ, ಆದರೆ ಕಾರಣ ಬೇರೆ. ತಣ್ಣೀರನ್ನು ಬಿಸಿಮಾಡಲು ದೇಹ ಕ್ಯಾಲೊರಿ ಸುಡುತ್ತದೆ ಎಂದು ವಾದಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಐಸ್‌ನಷ್ಟು ತಣ್ಣಗಿರುವ ಅರ್ಧ ಲೀಟರ್ ನೀರು ಮೈಬಿಸಿಗೆ ಬರಲು ಸುಮಾರು 18 ಕ್ಯಾಲೊರಿ ಸಾಕು. ಒಂದು ಕಿಲೋ ಬೊಜ್ಜಿನಲ್ಲಿರುವುದು ಏಳು ಸಾವಿರಕ್ಕೂ ಹೆಚ್ಚು. ಈ ದಾರಿಯಲ್ಲಿ ಗಂಟಲು ಕೆಡುವುದೇ ಮೊದಲು. ನೀರಿನ ನಿಜವಾದ ಕೆಲಸ ನಡೆಯುವುದು ಊಟದ ತಟ್ಟೆಯ ಮುಂದೆ. ಅಮೆರಿಕದ ವರ್ಜೀನಿಯಾ ಟೆಕ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 55 ದಾಟಿದ, ಮಿತಾಹಾರದಲ್ಲಿದ್ದ ಜನರ ಒಂದು ಗುಂಪು ಮೂರು ಹೊತ್ತೂ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಿತು. 12 ವಾರಗಳಲ್ಲಿ ಅವರು ಉಳಿದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿದರು. ಹೊಟ್ಟೆ ತುಸು ತುಂಬಿತ್ತು, ಅನ್ನ ತುಸು ಕಡಿಮೆ ಇಳಿಯಿತು, ಇಷ್ಟೇ ಗುಟ್ಟು. ಎಳೆಯರಲ್ಲಿ ಇದೇ ಪರಿಣಾಮ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ, ಮತ್ತು ಮಿತಾಹಾರವಿಲ್ಲದೆ ಬರೀ ನೀರನ್ನು ನೆಚ್ಚಿಕೊಂಡರೆ ಫಲ ಅಲ್ಪ. ಎಲ್ಲ ವಯಸ್ಸಿನವರಿಗೂ ಒಪ್ಪುವ ಲಾಭ ಇನ್ನೊಂದಿದೆ: 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ನೀರಿನಲ್ಲಿ ಏನೂ ಇಲ್ಲ. ಬಾಯಾರಿದಾಗ ಬಾಟಲಿ ಬಿಟ್ಟು ಲೋಟ ಹಿಡಿಯಿರಿ. ಹೃದಯದ, ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿಯಿರುವವರು ಮಾತ್ರ ವೈದ್ಯರನ್ನು ಕೇಳದೆ ಊಟಕ್ಕೆ ಮುಂಚಿನ ಈ ಅರ್ಧ ಲೀಟರಿಗೆ ಕೈಹಾಕಬೇಡಿ.